ಪೆಟ್ಟಿಗೆಯಲ್ಲಿ ಬಂದ ಅಡಿಗೆಮನೆ

ಅಡಿಗೆಮನೆಯನ್ನು ಅಂಗಡಿಯಿಂದ ಕೊಂಡು ತರುವುದೆಂದರೆ ನಮ್ಮ ಹಿರಿಯರಿಗೆ ಅರ್ಥವಾಗುತ್ತಿರಲಿಲ್ಲ. ಪಾತ್ರೆಯನ್ನು ಕೊಳ್ಳಬಹುದು, ಒಲೆಯನ್ನು ಕೊಳ್ಳಬಹುದು. ಅಡಿಗೆಮನೆಯನ್ನು ಮಾತ್ರ ಕಟ್ಟಬೇಕು. ಈಗ ಹಾಗಿಲ್ಲ. ಕಪಾಟು, ಡ್ರಾಯರು, ಬಾಗಿಲು, ಹಿಂಜು, ತಿರುಪು ಮೊಳೆ ಎಲ್ಲವೂ ಚಪ್ಪಟೆಯಾದ ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿಕೊಂಡು ಲಾರಿಯೇರಿ ಬರುತ್ತವೆ. ಬಂದ ಮೇಲೆ ಅವುಗಳನ್ನು ಎಬ್ಬಿಸಿ ನಿಲ್ಲಿಸುವುದೇ ಕೆಲಸ. ಬಡಗಿಯು ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತು ಮಾಡುತ್ತಿದ್ದುದನ್ನು ಇಬ್ಬರು ಹುಡುಗರು ಎರಡು ದಿನಗಳಲ್ಲಿ ಮುಗಿಸಿ ಹೋಗುತ್ತಾರೆ. ಬೆಲೆಯೂ ಸಾಗುವಾನಿಯ ಬೆಲೆಯಲ್ಲ. ಮಧ್ಯಮ ವರ್ಗದ ಸಂಸಾರಕ್ಕೆ ಇದು ಸಣ್ಣ ಉಪಕಾರವೇನಲ್ಲ.

ಆದರೆ ಇಂಥ ಅಡಿಗೆಮನೆಯೊಂದು ರಾಮನಗುಳಿಗೆ ಹೋಗಿ ನಿಂತಾಗ ಏನೇನಾಯಿತೆಂಬುದನ್ನು ಕಣ್ಣಾರೆ ಕಂಡವಳಾದುದರಿಂದ, ಈ ವಾರ ಅದನ್ನೇ ಹೇಳುತ್ತೇನೆ.

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಯಲ್ಲಾಪುರ ದಾಟಿ, ಅರಬೈಲು ಘಟ್ಟವನ್ನಿಳಿದು ಮುಂದೆ ಸಾಗಿದರೆ ರಾಮನಗುಳಿ ಸಿಕ್ಕುತ್ತದೆ. ಒಂದು ಮಗ್ಗುಲಿಗೆ ಕಾಡು, ಇನ್ನೊಂದು ಮಗ್ಗುಲಿಗೆ ಗಂಗಾವಳಿ. ಘಟ್ಟದ ಮೇಲೆ ಬೇಡ್ತಿಯೆಂದು ಕರೆಯಿಸಿಕೊಳ್ಳುವ ಹೊಳೆಯೇ ಇಲ್ಲಿ ಗಂಗಾವಳಿ. ನನ್ನ ಅಣ್ಣನ ಮನೆ ಹೊಳೆಯ ಕಡೆಗಿದೆ. 2019ರ ಆಗಸ್ಟಿನಲ್ಲಿ ಆ ಹೊಳೆ ರಾಮನಗುಳಿಯಿಂದ ಡೋಂಗ್ರಿಗೆ ಹೋಗುವ ತೂಗುಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಅದೇ ದಿನಗಳಲ್ಲಿ ಅಣ್ಣನ ಅಡಿಗೆಮನೆಗೂ ಬಂದು, ಸೊಂಟದೆತ್ತರಕ್ಕೆ ನಿಂತು, ಹಿಂದಿರುಗಿತು.

ನೀರಿಳಿದ ಮೇಲೆ ಅಲ್ಲಿ ಕಂಡದ್ದು ಮರೆಯುವಂಥದಲ್ಲ. ಅಜ್ಜಿಯ ಕಾಲದ ಹಲಸಿನ ಕಪಾಟು ಕೆಸರು ಮೆತ್ತಿಕೊಂಡು ನಿಂತಿತ್ತು. ತೊಳೆದು ನೆರಳಿನಲ್ಲಿ ಒಣಗಿಸಿದರು, ಇಂದಿಗೂ ಅದರಲ್ಲಿ ಬೇಳೆ ಬೆಲ್ಲ ಇರುತ್ತದೆ. ಅದರ ಪಕ್ಕದಲ್ಲಿ, ಕೆಲವು ವರ್ಷಗಳ ಹಿಂದೆ ಕೊಂಡಿದ್ದ ಹೊಳೆಯುವ ಬಿಳಿಯ ಕಪಾಟೊಂದಿತ್ತು. ಅದರ ಕೆಳಗಿನ ಅರ್ಧ ನೆನೆಸಿದ ಅವಲಕ್ಕಿಯಂತೆ ಉಬ್ಬಿತ್ತು. ಅತ್ತಿಗೆ ಬೆರಳಿನಿಂದ ಒತ್ತಿದರೆ ಪುಡಿಪುಡಿಯಾಗಿ ಉದುರಿತು. ಆ ತರುವಾಯ ಬಹಳ ಕಾಲ ಅತ್ತಿಗೆ ಹೊಸ ಕಪಾಟಿನ ಮಾತೆತ್ತಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಒಲೆ, ಗೋಡೆಗೆ ಎರಡು ಹಲಗೆ, ಅಷ್ಟರಲ್ಲೇ ಸಂಸಾರ. 2021ರ ಜುಲೈಯಲ್ಲಿ ಹೊಳೆ ಮತ್ತೆ ಏರಿ ಗುಳ್ಳಾಪುರದ ಸೇತುವೆಯನ್ನು ಒಯ್ದಾಗ, ಮಾತೆತ್ತದಿದ್ದುದೇ ಒಳ್ಳೆಯದಾಯಿತೆಂದು ಎಲ್ಲರಿಗೂ ತೋರಿತು.

ಮಾತೆತ್ತಿದವನು ಮಗ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹುಡುಗ. ಅಮ್ಮ ಬಗ್ಗಿ ಬಗ್ಗಿ ಪಾತ್ರೆ ಹುಡುಕುವುದನ್ನು ನೋಡಿ ಮನಸ್ಸಿಗೆ ಹಚ್ಚಿಕೊಂಡಿದ್ದ. ಒಂದು ಲಕ್ಷ ರೂಪಾಯಿಯೊಳಗೆ ಇಡೀ ಅಡಿಗೆಮನೆ ಬರುತ್ತದೆಂದು ಚಿತ್ರವನ್ನು ಕಳುಹಿಸಿದ. ಚಿತ್ರವೇನೋ ಸೊಗಸಾಗಿತ್ತು. ಅತ್ತಿಗೆ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: “ಹೊಳೆ ಇನ್ನೊಮ್ಮೆ ಒಳಗೆ ಬರುವುದಿಲ್ಲವೆಂದು ಕಂಪನಿಯವರು ಬರೆದು ಕೊಡುತ್ತಾರೆಯೇನೋ, ತಮ್ಮಾ?”

ಹುಡುಗ ಉತ್ತರ ಕೊಡಲಾರದೆ ನನಗೆ ಫೋನು ಮಾಡಿದ. ಹೀಗೆ ಈ ವ್ಯವಹಾರ ನನ್ನ ತಲೆಗೆ ಬಂದಿತು.

ಈ ಬಗೆಯ ಅಡಿಗೆಮನೆಯ ಮೂಲವನ್ನು ಹುಡುಕಿದರೆ ಜರ್ಮನಿಗೆ ಹೋಗಬೇಕಾಗುತ್ತದೆ. 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗಾಗಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ ಒಂದು ಅಡಿಗೆಮನೆಯನ್ನು ರೂಪಿಸಿದರು. ರೈಲಿನ ಊಟದ ಡಬ್ಬಿಯ ಇಕ್ಕಟ್ಟಿನಲ್ಲಿ ಅಡಿಗೆ ಹೇಗೆ ಸಾಗುತ್ತದೆಂಬುದನ್ನು ಗಮನಿಸಿ, ಹೆಂಗಸಿನ ಹೆಜ್ಜೆಗಳನ್ನು ಎಣಿಸಿ ಮಾಡಿದ ಯೋಜನೆ ಅದು. ಸುಮಾರು ಹತ್ತು ಸಾವಿರ ಮನೆಗಳಿಗೆ ಒಂದೇ ಅಚ್ಚಿನ ಅಡಿಗೆಮನೆ ಹೋಯಿತು. ಸ್ವಾರಸ್ಯವೆಂದರೆ ಆಕೆಗೆ ಆಗ ಅಡಿಗೆ ಬರುತ್ತಿರಲಿಲ್ಲ. ತಾನೇ ಮುಂದೆ ಅದನ್ನು ಒಪ್ಪಿಕೊಂಡರು. ಸಾಮಾನನ್ನು ಕಳಚಿ ಚಪ್ಪಟೆಯಾಗಿ ಕಟ್ಟುವ ಉಪಾಯ ಜನಪ್ರಿಯವಾದದ್ದು ಸ್ವೀಡನ್ನಿನ ಇಕಿಯಾ ಕಂಪನಿಯಿಂದ. 1956ರಲ್ಲಿ ಅವರ ನೌಕರ ಗಿಲ್ಲಿಸ್ ಲುಂಡ್‌ಗ್ರೆನ್ ಮೇಜೊಂದನ್ನು ಕಾರಿನಲ್ಲಿ ಹಿಡಿಸಲಾರದೆ ಕಾಲುಗಳನ್ನು ಕಳಚಿದರೆಂಬುದು ಪ್ರಸಿದ್ಧವಾದ ಕಥೆ. ಆ ಕಂಪನಿ 2018ರಲ್ಲಿ ಹೈದರಾಬಾದಿಗೂ 2022ರಲ್ಲಿ ಬೆಂಗಳೂರಿನ ನಾಗಸಂದ್ರಕ್ಕೂ ಬಂದಿತು. ಈಗ ನಮ್ಮ ದೇಶದ ಕಂಪನಿಗಳೂ ಅನೇಕ. ನಾವು ಕೊಂಡದ್ದು ಯಾರದೆಂಬುದು ಇಲ್ಲಿ ಅಪ್ರಸ್ತುತ.

ಅಂಗಡಿಗೆ ಹೋದವರೆಲ್ಲ ಮೊದಲು ನೋಡುವುದು ಬಾಗಿಲಿನ ಬಣ್ಣವನ್ನು. ನಾನೂ ನೋಡಿದೆ, ಹೆಂಗಸಲ್ಲವೆ? ಆದರೆ ಅಡಿಗೆಮನೆಯ ಆಯುಸ್ಸು ಬಣ್ಣದಲ್ಲಿಲ್ಲ, ಹಲಗೆಯ ಅಂಚಿನಲ್ಲಿದೆ. ಅಗ್ಗದ ಕಪಾಟುಗಳ ಒಡಲು ಸಾಮಾನ್ಯವಾಗಿ ಪಾರ್ಟಿಕಲ್ ಬೋರ್ಡಿನದು. ಮರದ ಚೂರು, ಹೊಟ್ಟುಗಳನ್ನು ಅಂಟಿನೊಡನೆ ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಮೇಲೂ ಕೆಳಗೂ ಹೊದಿಸಿದ ನುಣುಪು ಹಾಳೆ ನೀರನ್ನು ತಡೆಯುತ್ತದೆ. ಅಂಚಿನ ಪಟ್ಟಿ ಗಟ್ಟಿಯಾಗಿ ಅಂಟಿರುವವರೆಗೆ ಅಲ್ಲಿಯೂ ಭಯವಿಲ್ಲ. ಪಟ್ಟಿ ಎದ್ದಿತೆಂದರೆ ಅಥವಾ ನಲ್ಲಿಯ ಪೈಪಿಗಾಗಿ ರಂಧ್ರ ಕೊರೆದರೆಂದರೆ, ಒಳಗಿನ ಹೊಟ್ಟು ಬಾಯಿ ತೆರೆಯುತ್ತದೆ. ನೀರು ಕುಡಿದು ಊದಿಕೊಳ್ಳುತ್ತದೆ. ಒಮ್ಮೆ ಊದಿದ್ದು ಒಣಗಿದರೂ ಹಿಂದಿನಂತಾಗುವುದಿಲ್ಲ. ಪ್ಲೈವುಡ್ಡಿನ ಸಂಗತಿ ಬೇರೆ. ತೆಳುವಾದ ಮರದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ್ದು ಅದು, ಅದರಲ್ಲಿಯೂ ಐ.ಎಸ್. 710 ಎಂಬ ಗುರುತಿನ ಮರೀನ್ ಪ್ಲೈವುಡ್ಡು ಕುದಿಯುವ ನೀರನ್ನೂ ತಡೆಯುವ ಅಂಟಿನದು. ಬೆಲೆಯೂ ತಕ್ಕಂತೆಯೇ.

ಅಂಗಡಿಯವರ ಮಾತನ್ನು ನಂಬಬೇಕೆಂದೂ ಇಲ್ಲ, ಅವರೊಡನೆ ಜಗಳವಾಡಬೇಕೆಂದೂ ಇಲ್ಲ. ಕತ್ತರಿಸಿ ಉಳಿದ ಎರಡು ತುಂಡು ಕೇಳಿ ತಂದು, ದಪ್ಪವನ್ನು ಅಳೆದು, ರಾತ್ರಿಯಿಡೀ ಬಕೀಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ. ನಾನು ಹಾಗೆಯೇ ಮಾಡಿದೆ. 18 ಮಿಲಿಮೀಟರಿನ ಪಾರ್ಟಿಕಲ್ ಬೋರ್ಡು ಅಂಚಿನಲ್ಲಿ ಹೂಕೋಸಿನಂತೆ ಅರಳಿತ್ತು. ಮರೀನ್ ಪ್ಲೈವುಡ್ಡಿನ ತುಂಡು ಹೆಚ್ಚುಕಡಿಮೆ ಹಾಕಿದಂತೆಯೇ ಇತ್ತು. ಅಣ್ಣನ ಮಗನಿಗೆ ಎರಡರ ಚಿತ್ರವನ್ನೂ ಕಳುಹಿಸಿದೆ. ಅವನು, “ಹಾಗಾದರೆ ಬೇಡವೇ ಅತ್ತೆ?” ಎಂದ. ಸ್ವರದಲ್ಲಿ ನಿರಾಸೆಯಿತ್ತು.

ಬೇಡವೆನ್ನುವುದು ಸುಲಭ. ಆದರೆ ಅತ್ತಿಗೆಗೆ ಅರವತ್ತು ದಾಟಿದೆ, ಮೊಣಕಾಲು ನೋವು, ಬಗ್ಗಿ ಹುಡುಕುವ ಕಷ್ಟ ನಿಜವಾದದ್ದೇ. ಹೊಳೆ ಬಂದೀತೆಂಬ ಭಯದಲ್ಲಿ ಬಾರದಿರುವ ವರ್ಷಗಳನ್ನೂ ಅನನುಕೂಲದಲ್ಲಿಯೇ ಕಳೆಯಬೇಕೆ? ಒಂದು ಸಂಗತಿ ನನಗೆ ಹೊಳೆದದ್ದು ಆಗ. ಈ ಅಡಿಗೆಮನೆಗಳೆಲ್ಲ ಗೊತ್ತಾದ ಅಳತೆಯವು. ಕೆಳಗಿನ ಕಪಾಟು ಸಾಮಾನ್ಯವಾಗಿ 720 ಮಿಲಿಮೀಟರ್ ಎತ್ತರ, 600 ಮಿಲಿಮೀಟರ್ ಅಗಲ. ಆ ಅಳತೆಯ ಒಡಲನ್ನು ಕಂಪನಿಯೇ ಮಾಡಬೇಕೆಂದೇನಿದೆ? ಊರಿನ ಆಚಾರಿ ಮರೀನ್ ಪ್ಲೈವುಡ್ಡಿನಲ್ಲಿ ಮಾಡಲಿ; ಬಾಗಿಲು, ಡ್ರಾಯರುಗಳನ್ನು ಮಾತ್ರ ಪೆಟ್ಟಿಗೆಯಲ್ಲಿ ತರಿಸೋಣ. ಮೇಲಿನ ಗೋಡೆ ಕಪಾಟು ನೀರಿನ ಗೆರೆಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಅಗ್ಗದ ಹಲಗೆಯೇ ಸಾಕು. ಲೆಕ್ಕ ಹಾಕಿದರೆ ಹುಡುಗನ ಒಂದು ಲಕ್ಷ ಹೆಚ್ಚು ಮೀರಲಿಲ್ಲ.

ಆಮೇಲೆ ಅಳತೆಯ ಕೆಲಸ. ನೆಲದಿಂದ ಸುಮಾರು 85 ಸೆಂಟಿಮೀಟರು ಕಟ್ಟೆಯ ಎತ್ತರವೆಂದು ಕಂಪನಿಯ ಪುಸ್ತಕ ಹೇಳುತ್ತದೆ. ಅತ್ತಿಗೆಯ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಅದರ ಮೇಲೆ ಒಲೆ, ಒಲೆಯ ಮೇಲೆ ಅನ್ನದ ತಪ್ಪಲೆ; ಸೌಟು ಆಡಿಸುವಾಗ ಕೈ ಭುಜದ ಮಟ್ಟಕ್ಕೆ ಏರುತ್ತದೆ. ಮೊಣಕೈ ಮಡಿಸಿ ನಿಂತಾಗ ಅದರಿಂದ ನಾಲ್ಕೈದು ಅಂಗುಲ ಕೆಳಗೆ ಕೆಲಸದ ಕಲ್ಲಿರುವುದು ಹಿತ. ಆದುದರಿಂದ ಒಲೆಯ ಜಾಗವನ್ನು ಕಪಾಟಿಲ್ಲದೆ ಬಿಟ್ಟು, ಅಲ್ಲಿ ಮಾತ್ರ ಕಲ್ಲನ್ನು ಮೂವತ್ತು ಅಂಗುಲಕ್ಕೆ ಇಳಿಸಿ ಕಟ್ಟಿಸಿದೆವು. ಇದರಿಂದ ಇನ್ನೊಂದು ಲಾಭವಾಯಿತು. ಗ್ಯಾಸಿನ ಸಿಲಿಂಡರನ್ನು ಚೆಂದಕ್ಕಾಗಿ ಬಾಗಿಲು ಹಾಕಿದ ಕಪಾಟಿನೊಳಗೆ ಅಡಗಿಸುವ ಪದ್ಧತಿ ಈಗ ಹೆಚ್ಚಾಗಿದೆ, ಅದು ತಪ್ಪು. ಅಡಿಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದಲ್ಲಿ ಶೇಖರವಾಗುತ್ತದೆ. ಮುಚ್ಚಿದ ಕಪಾಟಿನಲ್ಲಿ ಕಿಡಿಗಾಗಿ ಕಾದಿರುತ್ತದೆ. ನಮ್ಮ ಅತ್ತಿಗೆಯ ಸಿಲಿಂಡರು ಈಗ ತಗ್ಗಿನ ಕಲ್ಲಿನ ಕೆಳಗೆ, ಬಯಲಾಗಿ, ಎಲ್ಲರ ಕಣ್ಣಿಗೆ ಕಾಣುವಂತೆ ನಿಂತಿದೆ. ಚೆಂದವಿಲ್ಲ, ನಿಜ.

ಲಾರಿ ಬಂದದ್ದು ಫೆಬ್ರವರಿಯಲ್ಲಿ. ಮಳೆಗಾಲದ ತೇವದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಜಗುಲಿಯಲ್ಲಿ ಒರಗಿಸಿಟ್ಟರೆ ಹಲಗೆ ಬಾಗುವುದುಂಟು. ಬೇಸಗೆಯಲ್ಲಿ ತರಿಸುವುದೇ ಜಾಣತನ. ಒಟ್ಟು 23 ಪೆಟ್ಟಿಗೆ. ರುಜು ಹಾಕುವ ಮುಂಚೆ ಎಲ್ಲವನ್ನೂ ಬಿಚ್ಚಿಸಿದೆ. ಚಾಲಕನಿಗೆ ಕೋಪ ಬಂದಿತು, ಬರಲಿ. ಒಂದು ಬಾಗಿಲಿನ ಮೂಲೆ ಒಡೆದಿತ್ತು. ಬದಲಿ ಬರಲು ಐದು ವಾರವಾಯಿತು.

ಕೂಡಿಸಲು ಹುಬ್ಬಳ್ಳಿಯಿಂದ ಇಬ್ಬರು ಹುಡುಗರು ಬಂದಿದ್ದರು. ಚುರುಕಾದವರೇ. ಅಲೆನ್ ಕೀ ಎಂಬ ಆರು ಮೂಲೆಯ ಪುಟ್ಟ ಕೀಲಿಕೈಯನ್ನು ತಿರುಗಿಸುತ್ತ, ಒಂದು ಗಂಟೆಯಲ್ಲಿ ಎರಡು ಗೋಡೆ ಕಪಾಟುಗಳನ್ನು ನಿಲ್ಲಿಸಿಬಿಟ್ಟರು. ತೊಂದರೆ ಆರಂಭವಾದದ್ದು ಮನೆಯಿಂದ. ಈ ಸಾಮಾನುಗಳು ಗೋಡೆ ನೆಟ್ಟಗಿದೆ, ನೆಲ ಸಮವಾಗಿದೆ, ಮೂಲೆ ಮೂಲೆಮಟ್ಟಕ್ಕೆ ಸರಿಯಾಗಿದೆ ಎಂಬ ನಂಬಿಕೆಯ ಮೇಲೆ ತಯಾರಾದವು. ನಮ್ಮ ಹಳೆಯ ಮನೆಗಳ ನೆಲವಾದರೋ ತೊಳೆದ ನೀರು ಹರಿದುಹೋಗಲೆಂದು ಬೇಕೆಂದೇ ಇಳಿಜಾರಾಗಿ ಮಾಡಿದ್ದು. ಹತ್ತು ಅಡಿಯಲ್ಲಿ ಒಂದೂಕಾಲು ಅಂಗುಲ ಇಳಿಜಾರೆಂದು ರಸಮಟ್ಟ ತೋರಿಸಿತು. ಕೆಳಗಿನ ಕಪಾಟಿಗೆ ತಿರುಗಿಸಿ ಎತ್ತರಿಸುವ ಪ್ಲಾಸ್ಟಿಕ್ ಕಾಲುಗಳಿದ್ದುದರಿಂದ ಅದು ಬಗೆಹರಿಯಿತು. ಆ ಕಾಲುಗಳಿಂದ ಹಲಗೆ ನೆಲದಿಂದ ನಾಲ್ಕು ಅಂಗುಲ ಮೇಲಿರುತ್ತದೆ, ನೆಲ ತೊಳೆಯುವವರಿಗೆ ಅನುಕೂಲ. ವರಲೆ ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಗೋಡೆ ಮಾತ್ರ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಅದು ಚಿರೆಕಲ್ಲಿನ ಗೋಡೆ. ಡ್ರಿಲ್ಲು ಹಾಕಿದರೆ ಕೆಂಪು ಪುಡಿ ಸುರಿದು, ಅರ್ಧ ಅಂಗುಲದ ರಂಧ್ರ ಮುಕ್ಕಾಲು ಅಂಗುಲವಾಗುತ್ತದೆ; ಪ್ಲಾಸ್ಟಿಕ್ಕಿನ ಬೆಣೆ ಹಿಡಿಯುವುದಿಲ್ಲ. ತೂಗುಹಾಕಿದ ಕಪಾಟನ್ನು ಅತ್ತಿಗೆ ಕೈಯಿಂದ ಜಗ್ಗಿ ನೋಡಿದರು. ಮೊಳೆಯೊಂದು ಬೆಣೆಯ ಸಮೇತ ಹೊರಕ್ಕೆ ಬಂದಿತು. “ಅವ್ವಾರ, ನಮ್ಮದೇನ ತಪ್ಪಿಲ್ರಿ, ಗ್ವಾಡಿನ ಮೆತ್ತಗೈತ್ರಿ” ಎಂದ ಹುಡುಗ. ಅದೂ ಸತ್ಯವೇ. ಆದರೆ ತುಂಬಿದ ಡಬ್ಬಿಗಳೊಡನೆ ಆ ಕಪಾಟು ತಲೆಯ ಮೇಲೆ ಬಿದ್ದರೆ ತಪ್ಪು ಯಾರದೆಂದು ಕೇಳುತ್ತ ಕೂಡಲಾದೀತೆ? ಕೆಲಸ ನಿಲ್ಲಿಸಿದೆವು. ಮರುದಿನ ಆಚಾರಿ ಬಂದು ಗೋಡೆಯಲ್ಲಿ ಆಳವಾಗಿ ಕೊರೆದು, ಉದ್ದನೆಯ ಬೋಲ್ಟುಗಳನ್ನು ಸಿಮೆಂಟಿನಲ್ಲಿ ಹುಗಿದು, ಅವುಗಳಿಗೆ ಅಡ್ಡವಾಗಿ ಮತ್ತಿಮರದ ಪಟ್ಟಿಯನ್ನು ಬಿಗಿದರು. ಮೂರು ದಿನ ಸಿಮೆಂಟು ಗಟ್ಟಿಯಾಗಲು ಬಿಟ್ಟು, ಆ ಪಟ್ಟಿಗೆ ಕಪಾಟುಗಳನ್ನು ತೂಗಿಸಿದರು. ಅಣ್ಣ ತಾನೇ ಅದಕ್ಕೆ ಜೋತುಬಿದ್ದು ಪರೀಕ್ಷಿಸಿದ. ಚಿರೆಕಲ್ಲಿನ ಮನೆಯವರು ಹುಡುಗರನ್ನು ಕರೆಸುವ ಮುನ್ನವೇ ಈ ಪಟ್ಟಿಯನ್ನು ಹಾಕಿಸಿಟ್ಟರೆ ಒಂದು ಪ್ರಯಾಣದ ಖರ್ಚು ಉಳಿದೀತು.

ಇನ್ನು ನಲ್ಲಿಯ ಪೈಪಿಗಾಗಿ ಹಿಂದಿನ ಹಲಗೆಯನ್ನು ಕೊಯ್ದ ಕಡೆ ಹುಡುಗರು ಹಾಗೆಯೇ ಬಿಟ್ಟಿದ್ದರು. ಮುಂದೆ ಕಾಣುವುದಿಲ್ಲವೆಂದು ಅವರ ವಾದ. ನೀರು ಮೊದಲು ಹೋಗುವುದೇ ಅಲ್ಲಿಗೆ. ಸಿಲಿಕೋನಿನ ಒಂದು ಕೊಳವೆ ತರಿಸಿ ಅಂಚನ್ನು ಸುತ್ತಲೂ ತುಂಬಿಸಿದೆವು. ತೊಟ್ಟಿಯ ಕಲ್ಲಿನ ಸಂದಿಗೂ ಅದನ್ನೇ. ಇಷ್ಟಕ್ಕೆ ಹತ್ತು ನಿಮಿಷ ಸಾಕಾಯಿತು.

ಹೊಳೆಯ ಪ್ರಶ್ನೆ ಉಳಿಯಿತಲ್ಲ? ಗಂಗಾವಳಿಗೆ ದೊಡ್ಡ ಅಣೆಕಟ್ಟಿಲ್ಲ. ನೀರು ಬಿಡುತ್ತೇವೆಂದು ಮುಂಚಿತವಾಗಿ ಸಾರುವವರಿಲ್ಲ. ಘಟ್ಟದ ಮೇಲೆ ಸುರಿದ ಮಳೆಯನ್ನು ನೋಡಿಯೇ ತಿಳಿಯಬೇಕು. ಇಲ್ಲಿ ಪೆಟ್ಟಿಗೆಯ ಅಡಿಗೆಮನೆಯ ಒಂದು ಗುಣ ನಮ್ಮ ಕೈಹಿಡಿಯಿತು. ಅದರ ಡ್ರಾಯರು ಹಳಿಯ ಮೇಲಿಂದ ಎತ್ತಿದರೆ ಕೈಗೆ ಬರುತ್ತದೆ. ಬಾಗಿಲಿನ ಹಿಂಜು ಒತ್ತಿದರೆ ಕಳಚಿಕೊಳ್ಳುತ್ತದೆ, ಮೊಳೆ ಬಿಚ್ಚಬೇಕಾಗಿಲ್ಲ. ಒಡಲನ್ನು ಮಾತ್ರ ಪದೇ ಪದೇ ಬಿಚ್ಚುವಂತಿಲ್ಲ, ಮೊಳೆಯ ಹಿಡಿತ ಸಡಿಲವಾಗುತ್ತದೆ. ಅದು ಪ್ಲೈವುಡ್ಡಿನದಾದುದರಿಂದ ಒಂದೆರಡು ದಿನ ನೀರಿನಲ್ಲಿ ನಿಂತರೂ ತಡೆದೀತು.

ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಅಣ್ಣ ಅತ್ತಿಗೆ ಇಬ್ಬರೂ ಒಂದು ತಾಲೀಮು ಮಾಡಿ ನೋಡಿದರಂತೆ. ಆರು ಡ್ರಾಯರು, ಎಂಟು ಬಾಗಿಲು, ಸಿಲಿಂಡರು, ಎಲ್ಲವನ್ನೂ ಮೆತ್ತಿನ ಮೇಲಕ್ಕೆ ಸಾಗಿಸಲು ಇಪ್ಪತ್ತೈದು ನಿಮಿಷವಾಯಿತೆಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಯಾವ ಬಾಗಿಲು ಯಾವ ಜಾಗದ್ದೆಂದು ಹಿಂಬದಿಯಲ್ಲಿ ಪೆನ್ಸಿಲಿನಿಂದ ಅಂಕೆ ಬರೆದಿಟ್ಟಿದ್ದಾರೆ. ಗೋಡೆಯ ಮೇಲೆ 2019ರ ನೀರಿನ ಗೆರೆಯನ್ನು ಅಣ್ಣ ಬಣ್ಣ ಬಳಿಸದೆ ಹಾಗೆಯೇ ಉಳಿಸಿಕೊಂಡಿದ್ದಾನೆ. ಮಾವಿನ ಮಿಡಿಯ ಉಪ್ಪಿನಕಾಯಿಯ ದೊಡ್ಡ ಭರಣಿಯನ್ನು ಮಾತ್ರ ಯಾರು ಎತ್ತಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.