ಎಂಜಿನಿಯರಿಂಗ್ ಪದವಿಯೂ ಎಲೆಯ ತುದಿಯ ಉಪ್ಪೂ

ಎಂಜಿನಿಯರಿಂಗ್ ಪದವಿಗೆ ಓದುವವರಿಗೆ ನೀತಿಯನ್ನೂ ಪರಿಸರರಕ್ಷಣೆಯನ್ನೂ ಕಡ್ಡಾಯವಾಗಿ ಬೋಧಿಸತಕ್ಕದ್ದೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಸರಕಾರವು ಒಪ್ಪಿದೆ, ವಿಶ್ವವಿದ್ಯಾಲಯಗಳು ಒಪ್ಪಿವೆ, ಕಾಲೇಜುಗಳ ಒಡೆಯರು ಕೂಡ ಒಪ್ಪಿದ್ದಾರೆ. ಇಷ್ಟು ಜನ ಇಷ್ಟು ಸುಲಭವಾಗಿ ಒಪ್ಪಿದ ಮಾತಿನಲ್ಲಿ ಎಲ್ಲಿಯೋ ಒಂದು ಹೇತ್ವಾಭಾಸ ಅಡಗಿರಬೇಕೆಂದು ಸಂಶಯಪಡುವುದು ತರ್ಕವನ್ನು ಉರುಹೊಡೆದವರ ಹಳೆಯ ಚಾಳಿ. ಆ ಸಂಶಯವು ಇಲ್ಲಿ ನಿರಾಧಾರವಲ್ಲವೆಂಬುದನ್ನು ವಾಚಕರ ಮುಂದಿಡುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ನಡೆದಿರುವುದೇನೆಂಬುದನ್ನು ನೋಡೋಣ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂ. ಸಿ. ಮೆಹ್ತಾ ಅವರ ಅರ್ಜಿಯನ್ನು ವಿಚಾರಿಸಿ, ಪರಿಸರವಿಷಯವನ್ನು ವಿದ್ಯಾಭ್ಯಾಸದ ಎಲ್ಲ ಹಂತಗಳಲ್ಲಿಯೂ ಕಡ್ಡಾಯವಾಗಿ ಕಲಿಸಬೇಕೆಂದು ನಿರ್ದೇಶಿಸಿತು. ಹನ್ನೆರಡು ವರ್ಷ ಕಳೆದು, 2003ರಲ್ಲಿ, ಅದೇ ಮಾತನ್ನು ಪುನಃ ಹೇಳಬೇಕಾಗಿ ಬಂದಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಎಲ್ಲ ಪದವಿಗಳಿಗೂ ಅನ್ವಯಿಸುವ ಆರು ತಿಂಗಳ ಪಾಠವೊಂದನ್ನು ಸಿದ್ಧಪಡಿಸಿತು. 2018ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಮಾದರಿ ಪಠ್ಯಕ್ರಮವನ್ನು ಪ್ರಕಟಿಸಿತು. ಅದರಂತೆ ಪದವಿಗೆ 160 ಕ್ರೆಡಿಟ್, ಪರಿಸರವಿಜ್ಞಾನವು ಕಡ್ಡಾಯ, ಆದರೆ ಅದಕ್ಕೆ ಕ್ರೆಡಿಟ್ ಮಾತ್ರ ಇಲ್ಲ! ನಮ್ಮ ರಾಜ್ಯದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಅದೇ ವರ್ಷದ ಯೋಜನೆಯಲ್ಲಿ ಇನ್ನಷ್ಟು ಉದಾರವಾಗಿ ನಡೆದುಕೊಂಡು, ಪರಿಸರಾಧ್ಯಯನಕ್ಕೆ ಒಂದು ಕ್ರೆಡಿಟ್ಟನ್ನೂ, ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಎಂಬ ಮೂರಕ್ಕೂ ಸೇರಿಸಿ ಮತ್ತೊಂದನ್ನೂ ಕೊಟ್ಟಿತು. ಪರೀಕ್ಷೆಯೆಂದರೆ ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದು. ಹೀಗೆ ಗುರುತಿಸಿದವನು ನೀತಿಯಲ್ಲಿ ಉತ್ತೀರ್ಣನಾದನು.

ಊಟಕ್ಕೆ ಕುಳಿತಾಗ ಎಲೆಯ ತುದಿಗೆ ಮೊದಲು ಉಪ್ಪು ಬರುವುದಷ್ಟೆ. ಅದು ಶಾಸ್ತ್ರ. ಆದರೆ ಎಲೆಯ ತುದಿಗೆ ಉಪ್ಪು ಬಡಿಸಿದ್ದಾಯಿತೆಂದು ಸಾರಿಗೂ ಪಲ್ಯಕ್ಕೂ ಉಪ್ಪು ಹಾಕದೆ ಬಿಟ್ಟ ಅಡಿಗೆಯವನನ್ನು ಯಾರಾದರೂ ಮತ್ತೊಮ್ಮೆ ಕರೆಯುವರೇ? ನಮ್ಮ ಪಠ್ಯಮಂಡಲಿಗಳು ಮಾಡಿರುವುದು ಈ ಅಡಿಗೆ.

2014ರಲ್ಲಿ ನಮ್ಮ ದೇಶವು ವಾಷಿಂಗ್ಟನ್ ಒಡಂಬಡಿಕೆಗೆ ಪೂರ್ಣಸದಸ್ಯತ್ವದಿಂದ ಸೇರಿತು. ಪದವೀಧರನಲ್ಲಿ ಇರಬೇಕಾದ ಹನ್ನೆರಡು ಗುಣಗಳನ್ನು ಆಗ ಮಾನ್ಯತಾಮಂಡಲಿಯು ಪಟ್ಟಿ ಮಾಡಿದ್ದಿತು. ಸಮಾಜ, ಪರಿಸರ ಮತ್ತು ಸುಸ್ಥಿರತೆ, ನೀತಿ, ಈ ಮೂರೂ ಅದರಲ್ಲಿ ಇದ್ದವು. ಬಹಳ ಸಂತೋಷ. ಅದರ ಫಲವೇನಾಯಿತೆಂದು ನನ್ನ ಬಳಿ ಸಂಸ್ಕೃತ ಓದಿ ಈಗ ಎಂಜಿನಿಯರಿಂಗ್ ಅಧ್ಯಾಪಕನಾಗಿರುವವನೊಬ್ಬನನ್ನು ಕೇಳಿದೆನು. ಅವನು ಒಂದು ಕೋಷ್ಟಕವನ್ನು ತೋರಿಸಿದನು. ಪ್ರತಿ ವಿಷಯದ ಎದುರಿಗೂ ಗುಣಗಳ ಮನೆಗಳು. ಮನೆಗಳಲ್ಲಿ 1, 2, 3 ಎಂಬ ಅಂಕೆಗಳು. ನೀತಿಯೆಂಬ ಮನೆಯಲ್ಲಿ ಒಂದೆಡೆ 1, ಇನ್ನೊಂದೆಡೆ ಅಡ್ಡಗೆರೆ. ಕೆಳಗೆ ಇವುಗಳ ಸರಾಸರಿ, ದಶಾಂಶದೊಡನೆ. ಜಾತಕದ ಕುಂಡಲಿಯಲ್ಲಿಯಾದರೂ ಗ್ರಹವೊಂದು ಯಾವ ಮನೆಯಲ್ಲಿದೆಯೆಂಬುದಕ್ಕೆ ಗಣಿತವುಂಟು!

ಈಗ ಪೂರ್ವಪಕ್ಷಿಗಳ ಮಾತನ್ನು ಕೇಳೋಣ. ನೀತಿಯನ್ನು ಕಲಿಸತಕ್ಕವರು ತಾಯಿತಂದೆಗಳು. ಹದಿನೆಂಟು ವರ್ಷದ ಹುಡುಗನಿಗೆ ಕಾಲೇಜು ಅದನ್ನು ಕಲಿಸುವುದೆಂತು? ಎಂದು ಕೆಲವರ ಆಕ್ಷೇಪ. ಸುಳ್ಳಾಡಬೇಡ, ಕದಿಯಬೇಡ ಎಂಬುದು ಮನೆಯ ಪಾಠ, ನಿಜ. ಆದರೆ ಕಾರ್ಖಾನೆಯ ಚರಟವು ಅಂತರ್ಜಲವನ್ನು ಸೇರುವುದೋ ಇಲ್ಲವೋ, ಸೇತುವೆಯ ಸರಪಣಿಯನ್ನು ಎಷ್ಟು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಎಂಬುದನ್ನು ಯಾವ ತಾಯಿ ಕಲಿಸಿಯಾಳು? 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಸಂಸ್ಥೆಯ ಪ್ರಕರಣವನ್ನು ನೋಡಿರಿ. ಹೊಗೆಯ ಪರೀಕ್ಷೆ ನಡೆಯುತ್ತಿದೆಯೆಂಬುದನ್ನು ತಾನೇ ತಿಳಿದುಕೊಂಡು, ಆ ಹೊತ್ತಿನಲ್ಲಿ ಮಾತ್ರ ಸಾಧುವಾಗಿ ನಡೆದುಕೊಳ್ಳುವ ತಂತ್ರಾಂಶವನ್ನು ಆ ಸಂಸ್ಥೆಯ ಡೀಸೆಲ್ ಕಾರುಗಳಲ್ಲಿ ಅಡಗಿಸಿದ್ದರು. ಜಗತ್ತಿನಾದ್ಯಂತ ಇಂಥ ಕಾರುಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ರಸ್ತೆಗಿಳಿದ ಮೇಲೆ ಅವು ಉಗುಳಿದ ವಿಷವಾಯು ಅಮೆರಿಕದ ಮಿತಿಯ ನಲವತ್ತು ಪಟ್ಟಿನವರೆಗೂ ಹೋಗುತ್ತಿದ್ದಿತು. 2017ರಲ್ಲಿ ಅಲ್ಲಿನ ನ್ಯಾಯಾಲಯವು ಇದರಲ್ಲಿ ಪಾಲುಗೊಂಡ ಎಂಜಿನಿಯರನೊಬ್ಬನಿಗೆ ನಲವತ್ತು ತಿಂಗಳ ಸೆರೆವಾಸವನ್ನು ವಿಧಿಸಿತು. ಇದನ್ನು ರಚಿಸಿದವರು ಮೂರ್ಖರಲ್ಲ. ಮನೆಯಲ್ಲಿ ಸುಳ್ಳಾಡುತ್ತಿದ್ದವರೆಂದು ಹೇಳಲೂ ಕಾರಣವಿಲ್ಲ. ನಮ್ಮ ಒಂದು ಕ್ರೆಡಿಟ್ಟಿನ ಪರೀಕ್ಷೆಗೆ ಕುಳಿತಿದ್ದರೆ ನೂರಕ್ಕೆ ನೂರು ಪಡೆಯುತ್ತಿದ್ದರು.

ಇನ್ನೊಂದು ಪಕ್ಷ ನಮ್ಮವರದೇ. ಸುಭಾಷಿತಗಳನ್ನೂ ಭೂಮಿಸ್ತುತಿಗಳನ್ನೂ ಪಾಠಕ್ಕಿಟ್ಟರೆ ಎಂಜಿನಿಯರನು ತಾನಾಗಿಯೇ ಧರ್ಮಿಷ್ಠನಾಗುವನೆಂದು ಇವರ ನಂಬಿಕೆ. ಸಂಸ್ಕೃತಕ್ಕೆ ಮನ್ನಣೆ ದೊರೆಯುವುದಾದರೆ ನನಗೇನೂ ದುಃಖವಿಲ್ಲ. ಆದರೆ ಸುಭಾಷಿತ ಕಂಠಪಾಠದಲ್ಲಿ ಮೊದಲ ಬಹುಮಾನ ಪಡೆದವರು ಮುಂದೆ ಕೆರೆಯಂಗಳವನ್ನು ನಿವೇಶನ ಮಾಡಿ ಮಾರಿದ್ದನ್ನು ಕಂಡಿರುವ ನಾನು, ಆ ಔಷಧದ ಶಕ್ತಿಯನ್ನು ಹೆಚ್ಚಾಗಿ ಹೊಗಳಲಾರೆನು.

ಹಾಗಾದರೆ ಪಾಠಶಾಲೆಯಿಂದ ಎಂಜಿನಿಯರಿಂಗ್ ಕಾಲೇಜು ಕಲಿಯತಕ್ಕದ್ದೇನೂ ಇಲ್ಲವೇ? ಒಂದು ಉಂಟು, ಅದು ಶ್ಲೋಕವಲ್ಲ, ಕ್ರಮ. ಪಾಣಿನಿಯ ವ್ಯಾಕರಣದಲ್ಲಿ ಅಧಿಕಾರಸೂತ್ರಗಳೆಂಬುವು ಇವೆ. ಅಂಥ ಸೂತ್ರವು ಇದ್ದಲ್ಲಿಯೇ ಒಂಟಿಯಾಗಿ ನಿಂತು ಯಾವ ಕೆಲಸವನ್ನೂ ಮಾಡುವುದಿಲ್ಲ. ಮುಂದೆ ಬರುವ ಪ್ರತಿಯೊಂದು ಸೂತ್ರದೊಳಕ್ಕೂ ಹರಿದುಹೋಗಿ ಅಲ್ಲಲ್ಲಿ ಅರ್ಥವನ್ನು ಪೂರ್ಣಗೊಳಿಸುತ್ತದೆ. ಮೂರನೆಯ ಅಧ್ಯಾಯದ ಮೊದಲಲ್ಲಿ ಹೇಳಿದ ಪ್ರತ್ಯಯವೆಂಬ ಅಧಿಕಾರವು ಐದನೆಯ ಅಧ್ಯಾಯದ ಕೊನೆಯವರೆಗೂ ನಡೆಯುವುದು. ನೀತಿಯು ಎಂಜಿನಿಯರಿಂಗ್ ವಿದ್ಯೆಯಲ್ಲಿ ಹೀಗೆ ಅಧಿಕಾರಸೂತ್ರವಾಗಿರಬೇಕು. ಬೇರೆಯದಾದ ಒಂದು ಪತ್ರಿಕೆಯಲ್ಲಿ ಅದನ್ನು ಕೂಡಿಹಾಕಿದೊಡನೆ ಉಳಿದ ಪತ್ರಿಕೆಗಳೆಲ್ಲವೂ ಅದರ ಹಂಗಿನಿಂದ ಬಿಡುಗಡೆ ಹೊಂದಿದುವು.

ಏಕೆಂದರೆ ಎಂಜಿನಿಯರನ ಅಧರ್ಮವು ಬಹುಮಟ್ಟಿಗೆ ಕೆಟ್ಟ ಮನಸ್ಸಿನಿಂದ ಹುಟ್ಟುವುದಲ್ಲ. ಲೆಕ್ಕವನ್ನು ಎಲ್ಲಿಗೆ ನಿಲ್ಲಿಸಿದನೆಂಬುದರಿಂದ ಹುಟ್ಟುವುದು. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಹತ್ತುವುದನ್ನು ನಮ್ಮ ಅಲಂಕಾರಿಕರು ಅಸಂಭವಕ್ಕೆ ಉದಾಹರಣೆಯಾಗಿ ಕೊಡುತ್ತಿದ್ದರು. ಈಗ ಬೇರೆ ಉದಾಹರಣೆಯನ್ನು ಹುಡುಕಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಕೆರೆಗಳನ್ನು ಸರಿಪಡಿಸುವುದಕ್ಕಾಗಿ 500 ಕೋಟಿ ರೂಪಾಯಿಯನ್ನು ಪ್ರತ್ಯೇಕವಾಗಿ ತೆಗೆದಿಡಬೇಕೆಂದು ರಾಜ್ಯಸರಕಾರಕ್ಕೆ ಆಜ್ಞಾಪಿಸಿತು. ಆ ಕೆರೆಗೆ ಹರಿದ ಹೊಲಸುನೀರಿನ ಪ್ರತಿಯೊಂದು ಕೊಳವೆಯ ಇಳಿಜಾರನ್ನೂ ಅಗಲವನ್ನೂ ಯಾರೋ ಒಬ್ಬ ಪದವೀಧರನು ಸರಿಯಾಗಿಯೇ ಲೆಕ್ಕಮಾಡಿದ್ದಿರಬೇಕು. ಆದರೆ ಅವನ ಲೆಕ್ಕವು ಕಾಂಪೌಂಡಿನ ಗೋಡೆಯ ಹತ್ತಿರ ಮುಗಿಯಿತು. ಅಲ್ಲಿಗೆ ಮುಗಿಸಿದ್ದಕ್ಕೆ ಕಾಲೇಜಿನಲ್ಲಿ ಅವನಿಗೆ ಪೂರ್ಣ ಅಂಕವೂ ಬಂದಿದ್ದಿತು.

ಲೆಕ್ಕವನ್ನು ಮುಂದಕ್ಕೆ ಒಯ್ದವರೂ ಇದ್ದಾರೆ. ಸೆಪ್ಟೆಂಬರ್ 15ರಂದು ಹಾರ ಹಾಕಿಸಿಕೊಳ್ಳುವ ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದಲ್ಲಿದ್ದಾಗ, ಕಾಲುವೆಯ ನೀರನ್ನೆಲ್ಲ ಕೆಲವು ಹಳ್ಳಿಗಳ ಕಬ್ಬಿನ ಗದ್ದೆಗಳೇ ಕುಡಿದು ನೆಲ ಜವುಗಾಗುವುದನ್ನು ಕಂಡು, ಭೂಮಿಯನ್ನು ಭಾಗಗಳಾಗಿ ವಿಂಗಡಿಸಿ ಸರದಿಯ ಮೇಲೆ ಬೆಳೆ ತೆಗೆಯುವ, ಹೆಚ್ಚು ಹಳ್ಳಿಗಳಿಗೆ ನೀರು ಹಂಚುವ ಪದ್ಧತಿಯನ್ನು ರೂಪಿಸಿದರು. ಅದು ನೀತಿಯೋ, ನೀರಾವರಿಯೋ? ಯಾವ ಪತ್ರಿಕೆಗೆ ಸೇರಿಸುವಿರಿ?

ನಮ್ಮ ಶಿವಮೊಗ್ಗ ಜಿಲ್ಲೆಗೇ ಬರೋಣ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕನ್ನು ಕೊಟ್ಟಿತು. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಶಕ್ತಿಯನ್ನು ಅಲ್ಲಗಳೆಯುವವನು ದೀಪ ಆರಿಸಿಕೊಂಡು ಮಾತನಾಡಬೇಕು. ಆದರೆ ಆ ಲೆಕ್ಕದ ಉಳಿಕೆ ಏನಾಯಿತು? ಹೊಲಮನೆ ಮುಳುಗಿ ಎದ್ದು ಬಂದವರ ಎಷ್ಟೋ ಕುಟುಂಬಗಳು ಆರು ದಶಕಗಳ ಮೇಲೂ ತಾವು ಕುಳಿತ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯವರು ಲಾಂಚನ್ನು ಕಾದು ಕುಳಿತು ಆಸ್ಪತ್ರೆಗೂ ಶಾಲೆಗೂ ಬಂದರು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ಸಿದ್ಧವಾಗಿ ದಾರಿ ಕೂಡಿದ್ದು 2025ರ ಜುಲೈಯಲ್ಲಿ. ಒಂದು ತಲೆಮಾರಿನ ಎಂಜಿನಿಯರು ಬಿಟ್ಟ ಲೆಕ್ಕವನ್ನು ಮೂರನೆಯ ತಲೆಮಾರಿನವನು ಮಾಡಿ ಮುಗಿಸಿದಂತಾಯಿತು.

ಸುಸ್ಥಿರತೆಯೆಂಬ ಶಬ್ದವು ವ್ಯಾಕರಣಶುದ್ಧವಾಗಿದೆ. ಆದರೂ ಅದನ್ನು ಕೇಳಿದೊಡನೆ ವಿದ್ಯಾರ್ಥಿಗೆ ನಿದ್ರೆ ಬರುವುದು. ಬಿತ್ತನೆಯ ಭತ್ತವನ್ನು ಉಣ್ಣಬಾರದೆಂಬುದು ಅದರ ಅರ್ಥ. ಇದನ್ನು ಪ್ರಶ್ನೆಯಾಗಿ ಮಾಡುವುದು ಕಷ್ಟವಲ್ಲ. ನೀರಾವರಿ ಪತ್ರಿಕೆಯಲ್ಲಿಯೇ ಹೀಗೆ ಕೇಳಿರಿ: ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ; ಇದನ್ನು ಹತ್ತು ಅಡಿ ತಗ್ಗಿಸಿದ್ದರೆ ವಿದ್ಯುತ್ತಿನಲ್ಲಿ ಆಗುತ್ತಿದ್ದ ನಷ್ಟವೆಷ್ಟು? ಮುಳುಗದೆ ಉಳಿಯುತ್ತಿದ್ದ ನೆಲವೆಷ್ಟು, ದಾರಿಯೆಷ್ಟು? ಕೊಟ್ಟಿರುವ ನಕ್ಷೆಯಿಂದ ಲೆಕ್ಕಮಾಡಿ, ನೀನಾಗಿದ್ದರೆ ಯಾವ ಮಟ್ಟವನ್ನು ಗೊತ್ತುಮಾಡುತ್ತಿದ್ದೆಯೆಂಬುದನ್ನು ಕಾರಣಸಹಿತವಾಗಿ ಬರೆ. ಇದಕ್ಕೆ ನೂರರಲ್ಲಿ ಇಪ್ಪತ್ತು ಅಂಕವಿರಲಿ; ಇದನ್ನು ಮುಟ್ಟದೆ ಬಿಟ್ಟವನಿಗೆ ಉಳಿದ ಎಂಬತ್ತೂ ಬಂದರೂ ತೇರ್ಗಡೆ ಇಲ್ಲವೆಂದಾಗಲಿ. ಪಠ್ಯದ ಭಾರ ಹೆಚ್ಚುವುದೆಂಬ ದೂರಿಗೂ ಇದರಲ್ಲಿಯೇ ಉತ್ತರವಿದೆ, ಹೊಸ ಪುಸ್ತಕ ಒಂದೂ ಬೇಡ.

ಮನೆಮನೆಗಳಲ್ಲಿ ಈ ಪತ್ರಿಕೆಯನ್ನು ಓದುವ ತಾಯಿತಂದೆಗಳಿಗೂ ಒಂದು ಮಾತು. ಕಾಲೇಜಿಗೆ ಸೇರಿಸುವ ದಿನ ನಾವು ಕೇಳುವ ಪ್ರಶ್ನೆ ಒಂದೇ: ಕೊನೆಯ ವರ್ಷದಲ್ಲಿ ಯಾವ ಕಂಪನಿಗಳು ಬರುತ್ತವೆ, ಎಷ್ಟು ಸಂಬಳ ಕೊಡುತ್ತವೆ? ನಾಲ್ಕು ವರ್ಷದಲ್ಲಿ ಮಗ ಅಥವಾ ಮಗಳು ಏನನ್ನು ಲೆಕ್ಕಮಾಡಲು ಕಲಿಯುವರೆಂದು ಕೇಳಿದವರನ್ನು ನಾನು ಕಾಣೆ. ಆಡಳಿತದವರು ಕೇಳಿದ್ದನ್ನು ಮಾರುತ್ತಾರೆ.

ಕೊನೆಯದಾಗಿ, ಇಂಥ ಪ್ರಶ್ನೆಗೆ ಸರಿಯಾದ ಉತ್ತರ ಒಂದೇ ಇರುವುದಿಲ್ಲವಾದ್ದರಿಂದ ಅಂಕ ಕೊಡುವುದು ಹೇಗೆಂದು ಅಧ್ಯಾಪಕರು ಕೇಳಬಹುದು. ವಾಕ್ಯಾರ್ಥಸಭೆಗಳಲ್ಲಿ ವಿದ್ವಾಂಸರು ಪಕ್ಷವನ್ನು ನೋಡಿ ಶಾಲು ಹೊದಿಸುತ್ತಿರಲಿಲ್ಲ, ಹೇತುವನ್ನು ನೋಡಿ ಹೊದಿಸುತ್ತಿದ್ದರು. ಪರೀಕ್ಷಕರಿಗೂ ಅದು ಅಸಾಧ್ಯವಲ್ಲ. ಬೇಸಿಗೆಯ ರಜೆಯಲ್ಲಿ ಪ್ರತಿ ವಿಭಾಗದಿಂದ ಇಬ್ಬರು ಅಧ್ಯಾಪಕರು, ಕೆಲಸದಲ್ಲಿ ಕೂದಲು ನರೆತ ಒಬ್ಬ ಎಂಜಿನಿಯರು, ಹಿನ್ನೀರಿನ ಆಚೆಯ ಊರಿನವರೊಬ್ಬರು ಹದಿನೈದು ದಿವಸ ಒಟ್ಟಿಗೆ ಕುಳಿತರೆ ವಿಷಯಕ್ಕೆ ಹತ್ತು ಪ್ರಶ್ನೆಗಳು ಸಿದ್ಧವಾಗುವುವು.