ಗೂಳಿ ಯಾವ ಕೊಟ್ಟಿಗೆಯದು?

ಫೆರುಚ್ಚೊ ಲ್ಯಾಂಬೊರ್ಗಿನಿ ಟ್ರ್ಯಾಕ್ಟರ್ ಮಾಡಿ ದುಡ್ಡು ಕಂಡವರು. ತಮ್ಮ ಫೆರಾರಿಯ ಕ್ಲಚ್ ಸರಿಯಿಲ್ಲವೆಂದು ದೂರಿದಾಗ ಎಂಜೊ ಫೆರಾರಿ ಹೀಯಾಳಿಸಿದರಂತೆ. ಆ ಹಟಕ್ಕೇ 1963ರಲ್ಲಿ ಇಟಲಿಯ ಸಾಂತಾಗತಾ ಎಂಬ ಸಣ್ಣ ಊರಲ್ಲಿ ಕಾರು ಕಾರ್ಖಾನೆ ತೆರೆದರಂತೆ. ಉಪ್ಪುಖಾರ ಎಷ್ಟು ಸೇರಿದೆಯೋ, ಕಥೆ ಮಾತ್ರ ಕಾರುಪ್ರಿಯರಿಗೆಲ್ಲ ಬಾಯಿಪಾಠ.

ಆಮೇಲಿನದನ್ನು ಯಾರೂ ಇಷ್ಟು ಹುರುಪಿನಿಂದ ಹೇಳುವುದಿಲ್ಲ. 1966ರಲ್ಲಿ ಮಿಯುರಾ ಬಂತು. ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಡ್ಡ ಕೂರಿಸಿದ್ದ ಆ ಕಾರು ಜಗತ್ತಿನ ಕಣ್ಣು ಕುಕ್ಕಿತು, ಗಲ್ಲಾಪೆಟ್ಟಿಗೆ ತುಂಬಿಸಲಿಲ್ಲ. ಎಪ್ಪತ್ತರ ದಶಕದ ಮಧ್ಯದ ಹೊತ್ತಿಗೆ ಫೆರುಚ್ಚೊ ತಮ್ಮ ಪಾಲನ್ನೆಲ್ಲ ಮಾರಿ ಅಂಬ್ರಿಯಾದ ದ್ರಾಕ್ಷಿತೋಟ ಸೇರಿದ್ದರು. ಕಂಪನಿ ದಿವಾಳಿಯೆದ್ದಿತು. 1987ರಲ್ಲಿ ಅಮೆರಿಕದ ಕ್ರೈಸ್ಲರ್, 1994ರಲ್ಲಿ ಇಂಡೊನೇಷ್ಯಾದ ಹೂಡಿಕೆದಾರರು, 1998ರಲ್ಲಿ ಜರ್ಮನಿಯ ಔಡಿ. ಕೊಟ್ಟಿಗೆ ಬದಲಾದರೂ ಬಾನೆಟ್ ಮೇಲಿನ ಗೂಳಿ ಕೊಂಬು ತಗ್ಗಿಸಿಕೊಂಡೇ ನಿಂತಿದೆ.

ಸ್ಪೋರ್ಟ್ಸ್ ಕಾರು ತನ್ನನ್ನು ಹೆತ್ತವರನ್ನು ಸಾಕುವುದು ಅಪರೂಪ. ಅದರ ಅನ್ನ ಬೇರೆಲ್ಲೋ ಬೇಯಬೇಕು. 2002ರಲ್ಲಿ ಪೋರ್ಷೆ ಕಯೆನ್ ಎಂಬ ಎಸ್‌ಯುವಿ ತಂದಾಗ ಮಡಿವಂತ ಅಭಿಮಾನಿಗಳು ಮೂಗು ಮುರಿದರು. 2024ರಲ್ಲಿ ಅದೇ ಕಯೆನ್, ಅವರ ಆರಾಧ್ಯದೈವವಾದ 911 ಸ್ಪೋರ್ಟ್ಸ್ ಕಾರಿನ ಎರಡರಷ್ಟು ಮಾರಾಟವಾಯಿತು. ಲ್ಯಾಂಬೊರ್ಗಿನಿ ಮಾರುವ ಕಾರುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಉರುಸ್ ಎಂಬ ಎಸ್‌ಯುವಿಯೇ. ಅದನ್ನು ಹಳಿಯುವವರು ಉಂಡ ಮನೆಯ ಜಂತೆ ಎಣಿಸುತ್ತಿದ್ದಾರೆ ಎಂದೇ ನನಗನ್ನಿಸುತ್ತದೆ.

ಫೆರಾರಿಯ ದಾರಿ ಬೇರೆ. 2024ರಲ್ಲಿ ಅದು ಕೊಟ್ಟದ್ದು 13,752 ಕಾರು. ಔಡಿ, ಪೋರ್ಷೆಗಳ ಒಡೆಯ ಫೋಕ್ಸ್‌ವ್ಯಾಗನ್ ಸಮೂಹ ಸುಮಾರು 90 ಲಕ್ಷ. ಆದರೂ ಷೇರುಪೇಟೆ ಹೆಚ್ಚು ಬೆಲೆ ಕಟ್ಟಿದ್ದು ಫೆರಾರಿಗೆ. ಕೇಳಿದವರಿಗೆಲ್ಲ ಕಾರು ಕೊಡದಿರುವುದೇ ಅಲ್ಲಿನ ವ್ಯಾಪಾರ. ಎಸ್‌ಯುವಿ ಎಂದು ಕರೆಯಲು ನಾಚುವ ಪುರೊಸಾಂಗ್ವೆಯನ್ನೂ ಒಟ್ಟು ಉತ್ಪಾದನೆಯ ಶೇ 20ರೊಳಗೇ ಇಡುವುದಾಗಿ ಕಂಪನಿ ಹೇಳಿತ್ತು. ಈ ಬಿಗುಮಾನ ಎಲ್ಲರಿಗೂ ಒಗ್ಗುವಂಥದ್ದಲ್ಲ. ಕಾಯಲು ಸಿದ್ಧರಿರುವ ಸಿರಿವಂತರ ಸಾಲು ಬಾಗಿಲಲ್ಲಿ ಇರಬೇಕು.

ಹಾಗೆಂದು ದೊಡ್ಡ ಯಜಮಾನ ಸಿಕ್ಕ ಮಾತ್ರಕ್ಕೆ ಹೆಸರು ಉಳಿಯುತ್ತದೆ ಎಂದೂ ಇಲ್ಲ. 2008ರಲ್ಲಿ ಟಾಟಾ ಮೋಟರ್ಸ್ 230 ಕೋಟಿ ಡಾಲರ್ ಕೊಟ್ಟು ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಫೋರ್ಡ್‌ನಿಂದ ಕೊಂಡಿತು. ದುಡಿದು ಹಾಕಿದ್ದು ಲ್ಯಾಂಡ್ ರೋವರ್. ಜಾಗ್ವಾರ್‌ನ ಸ್ಪೋರ್ಟ್ಸ್ ಕಾರು ಎಫ್-ಟೈಪ್ 2024ರಲ್ಲಿ ನಿಂತೇಹೋಯಿತು. ಒಂದೇ ಮನೆ, ಒಂದೇ ಯಜಮಾನ. ಒಬ್ಬ ಮಗ ದುಡಿದ, ಇನ್ನೊಬ್ಬ ಹೆಸರು ಹೇಳಿಕೊಂಡು ಕೂತ.

ಅಂದಹಾಗೆ, ಫೆರುಚ್ಚೊ ಅವರ ಟ್ರ್ಯಾಕ್ಟರ್ ವ್ಯವಹಾರವೂ 1973ರಲ್ಲಿ ಇನ್ನೊಂದು ಇಟಾಲಿಯನ್ ಕಂಪನಿಯ ಪಾಲಾಯಿತು. ಲ್ಯಾಂಬೊರ್ಗಿನಿ ಹೆಸರಿನ ಟ್ರ್ಯಾಕ್ಟರುಗಳು ಇಂದಿಗೂ ಹೊಲ ಉಳುತ್ತಿವೆ. ಕಾರಿನವರಿಗೂ ಅವರಿಗೂ ಲೆಕ್ಕಪತ್ರದ ನಂಟಿಲ್ಲ.