ಕನ್ನಡಿಯಿಲ್ಲದ ಕ್ಯಾಮೆರಾ, ಬೇಗೂರಿನ ಕಲ್ಲುಗಳು

ನಿವೃತ್ತ ಮೇಷ್ಟರಿಗೆ ಹಳೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಮಗುವನ್ನು ಯಾವ ಶಾಲೆಗೆ ಸೇರಿಸಲಿ ಎಂದು ಕೇಳುತ್ತಿದ್ದವರೇ ಈಗ, ಆ ಮಗು ಕಾಲೇಜು ಮುಗಿಸಿದ ಮೇಲೆ, "ಸಾರ್, ಫೋನಿನ ಫೋಟೊ ಸಾಕೆನಿಸುತ್ತಿಲ್ಲ. ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಲೇ?" ಎಂದು ಕೇಳುತ್ತಾರೆ. ಅಂಥದೊಂದನ್ನು ಹೆಗಲಿಗೆ ಹಾಕಿಕೊಂಡು ಬೇಗೂರಿನ ಸುತ್ತ ಕೆಲವು ವರ್ಷಗಳಿಂದ ಅಲೆಯುತ್ತಿರುವ ನನಗೆ ಈ ವಿಷಯದಲ್ಲಿ ಒಂದು ಖಚಿತ ಅಭಿಪ್ರಾಯವಿದೆ. ಹಕ್ಕಿಗಾಗಿ ಕೊಳ್ಳುವುದಾದರೆ ಎರಡು ಸಲ ಯೋಚಿಸಿ; ಕಲ್ಲಿಗಾಗಿ ಕೊಳ್ಳುವುದಾದರೆ ತಡಮಾಡಬೇಡಿ. ಏಕೆಂದು ವಿವರಿಸುತ್ತೇನೆ.

ಬೆಳಕಿನ ಪ್ರತಿಫಲನದ ಪಾಠ ನೆನಪಿದೆಯಷ್ಟೆ? ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ 45 ಡಿಗ್ರಿ ಕೋನದಲ್ಲಿ ಒಂದು ಕನ್ನಡಿ ಇರುತ್ತದೆ. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ, ಪಟ್ಟಕದ ಮೂಲಕ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. 2008ರಲ್ಲಿ ಬಂದ ಪ್ಯಾನಸೋನಿಕ್ ಜಿ1 ಈ ಕನ್ನಡಿಯನ್ನೂ ಪಟ್ಟಕವನ್ನೂ ಕೈಬಿಟ್ಟು ಹೊಸ ದಾರಿ ತೆರೆಯಿತು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ಸೆನ್ಸರು ಕಂಡದ್ದನ್ನು ವ್ಯೂಫೈಂಡರಿನೊಳಗಿನ ಪುಟ್ಟ ಪರದೆ ನಮಗೆ ತೋರಿಸುತ್ತದೆ. ಗಾತ್ರವೂ ತೂಕವೂ ಇಳಿದದ್ದು ಹೀಗೆ.

ನನ್ನ ಬಳಿ ಇರುವುದು 2019ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್-ಟಿ30. ಬ್ಯಾಟರಿ ಸೇರಿ 383 ಗ್ರಾಂ ತೂಕ, 26 ಮೆಗಾಪಿಕ್ಸೆಲ್. 23.5 ಮಿ.ಮೀ. ಉದ್ದ, 15.6 ಮಿ.ಮೀ. ಅಗಲದ ಇದರ ಸೆನ್ಸರು ಸಾಮಾನ್ಯ ಫೋನಿನ ಸೆನ್ಸರಿಗಿಂತ ಹಲವು ಪಟ್ಟು ದೊಡ್ಡದು. ಹೆಚ್ಚು ಬೆಳಕು ಹಿಡಿಯುವುದರಿಂದ ಗರ್ಭಗುಡಿಯ ಮುಂದಿನ ಮಬ್ಬಿನಲ್ಲೂ ಚಿತ್ರ ಮರಳು ಮರಳಾಗುವುದು ಕಡಿಮೆ.

ಇದರ ನಿಜವಾದ ಬಲ ನನಗೆ ಅರಿವಾದದ್ದು ನಮ್ಮ ಊರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ, ಸುಮಾರು ಕ್ರಿ.ಶ. 900ರ ಶಾಸನ ಇಲ್ಲಿಯದು. 'ಬೆಂಗಳೂರು ಕಾಳಗ'ವನ್ನು ಅದು ಹೇಳುತ್ತದೆ. ಸವೆದ ಅಕ್ಷರ ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಗ್ಗೆ ಅಥವಾ ಸಂಜೆ, ಬೆಳಕು ಕಲ್ಲನ್ನು ಓರೆಯಾಗಿ ಸವರಿಕೊಂಡು ಹೋಗುವಾಗ ಪ್ರತಿ ಗೀರಿನಲ್ಲೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಕ್ಯಾಮೆರಾವನ್ನು ಕಪ್ಪು ಬಿಳುಪಿಗೆ ತಿರುಗಿಸಿದರೆ, ತೆಗೆಯಲಿರುವ ಚಿತ್ರದಲ್ಲಿ ಆ ನೆರಳು ಎಷ್ಟು ಗಾಢವಾಗಿರುತ್ತದೆಂಬುದನ್ನು ಗುಂಡಿ ಒತ್ತುವ ಮೊದಲೇ ವ್ಯೂಫೈಂಡರು ತೋರಿಸುತ್ತದೆ. ಕನ್ನಡಿಯ ಕ್ಯಾಮೆರಾದ ಕಿಂಡಿ ಕಲ್ಲನ್ನು ತೋರಿಸುತ್ತಿತ್ತು. ಇದು ಚಿತ್ರವನ್ನೇ ತೋರಿಸುತ್ತದೆ. ನನ್ನ ಮಟ್ಟಿಗೆ ಇದೇ ಇದರ ದೊಡ್ಡ ಗುಣ.

ಇನ್ನೊಂದು ಸಣ್ಣ ಗುಣವನ್ನು ನನ್ನ ವಯಸ್ಸಿನವರು ಮೆಚ್ಚುತ್ತಾರೆ. ವೀರಗಲ್ಲುಗಳು ಅರ್ಧ ನೆಲದಲ್ಲಿ ಹೂತಿರುತ್ತವೆ. ಹಿಂದಿನ ಪರದೆಯನ್ನು ಮೇಲ್ಮುಖವಾಗಿ ಓರೆ ಮಾಡಿಕೊಂಡರೆ ಮಂಡಿಯೂರದೆಯೇ ಚಿತ್ರ ತೆಗೆಯಬಹುದು. ಶಟರಿನ ವೇಗಕ್ಕೆ ಮೇಲ್ಭಾಗದಲ್ಲೇ ಸಂಖ್ಯೆ ಕೊರೆದ ತಿರುಗುಬಿಲ್ಲೆ ಇರುವುದರಿಂದ ಕ್ಯಾಮೆರಾ ಏನು ಮಾಡುತ್ತಿದೆಯೆಂಬುದು ಕಣ್ಣೆದುರಿಗಿರುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಕರಿಹಲಗೆ.

ಇನ್ನು ದೋಷಗಳು. ಈ ಮಾದರಿಯ ದೇಹದೊಳಗೆ ಕೈನಡುಕವನ್ನು ಸರಿದೂಗಿಸುವ ಏರ್ಪಾಡಿಲ್ಲ. ಆ ಅನುಕೂಲ ಬೇಕಾದರೆ ಅದುಳ್ಳ ಲೆನ್ಸನ್ನೇ ಆರಿಸಿಕೊಳ್ಳಬೇಕು. ಮಳೆ, ಧೂಳುಗಳಿಂದ ಕಾಪಾಡುವ ಮುಚ್ಚಿಗೆಯೂ ಇಲ್ಲ. ಕನ್ನಡಿ ಇಲ್ಲದ್ದರಿಂದ ಲೆನ್ಸ್ ಬಿಚ್ಚಿದೊಡನೆ ಸೆನ್ಸರು ಬಯಲಾಗುತ್ತದೆ. ಬೇಗೂರು ರಸ್ತೆಯ ಧೂಳನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಲೆನ್ಸ್ ಬದಲಿಸುವ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡುವುದು ಲೇಸು. ಪರದೆ ಸದಾ ಉರಿಯುವುದರಿಂದ ಬ್ಯಾಟರಿಯೂ ಬೇಗ ಬರಿದಾಗುತ್ತದೆ. ತಯಾರಕರ ಲೆಕ್ಕದಲ್ಲೇ ಒಂದು ಬ್ಯಾಟರಿಗೆ ಸುಮಾರು 380 ಚಿತ್ರ. ಜೇಬಿನಲ್ಲಿ ಎರಡನೆಯದು ಇರಲೇಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಹಕ್ಕಿಗಳದು. ಬೇಗೂರು ಕೆರೆಯ ದಡದಲ್ಲಿ ನಿಂತು ದೂರದ ನೀರುಕಾಗೆಯನ್ನು ಹಿಡಿಯಹೊರಟರೆ, ಕ್ಯಾಮೆರಾದ ಜೊತೆಗೆ ಬರುವ ಪುಟ್ಟ ಲೆನ್ಸಿಗೆ ಸಿಗುವುದು ಒಂದು ಕಪ್ಪು ಚುಕ್ಕೆ. ಅದಕ್ಕೆಂದೇ ಇರುವ 100-400 ಮಿ.ಮೀ. ಲೆನ್ಸು 1,375 ಗ್ರಾಂ ತೂಗುತ್ತದೆ. ಕ್ಯಾಮೆರಾದ ಮೂರೂವರೆ ಪಟ್ಟು! ಅಂಥ ಲೆನ್ಸನ್ನು ಈ ಸಣ್ಣ ದೇಹಕ್ಕೆ ಸಿಕ್ಕಿಸಿದರೆ ಹಿಡಿತಕ್ಕೆ ಜಾಗ ಸಾಲದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅಂಥವರು ರೀಲಿನ ಕಾಲದಲ್ಲೇ ಹಕ್ಕಿಗಳ ಎಂಥೆಂಥ ಚಿತ್ರಗಳನ್ನು ತೆಗೆದರು! 36 ಚಿತ್ರ ಮುಗಿದರೆ ರೀಲು ಬದಲಿಸಬೇಕಿತ್ತು, ತೊಳೆಸಿದ ಮೇಲಷ್ಟೇ ಫಲ ತಿಳಿಯುತ್ತಿತ್ತು. ಆ ಸಹನೆ ಅಂಗಡಿಯಲ್ಲಿ ಸಿಗುವುದಿಲ್ಲ. ಹಗುರವೆಂದು ಈ ಕ್ಯಾಮೆರಾ ಕೊಂಡು, ಹಕ್ಕಿಗಾಗಿ ಭಾರದ ಲೆನ್ಸ್ ಕೊಳ್ಳುವವರು ತಾವು ಕೊಟ್ಟ ಹಣದ ಉದ್ದೇಶವನ್ನೇ ಮರೆತಂತಾಯಿತು.

ಹಾಗಾದರೆ ಫೋನಿದ್ದ ಮೇಲೆ ಇದೇಕೆ? ಮನೆಯ ಮದುವೆ, ಮುಂಜಿ, ಮೊಮ್ಮಗುವಿನ ಮೊದಲ ಹೆಜ್ಜೆಗೆ ಫೋನು ಧಾರಾಳವಾಗಿ ಸಾಕು. ಅದರ ಚಿತ್ರ ಕಣ್ಣಿಗೆ ಹಿತವಾಗಿಯೂ ಇರುತ್ತದೆ. ಆದರೆ ಹಿತವಾಗಿಸುವ ಭರದಲ್ಲಿ ಅದು ನೆರಳನ್ನು ತಾನೇ ತಿಳಿಗೊಳಿಸಿಬಿಡುತ್ತದೆ; ಕಲ್ಲಿನ ಅಕ್ಷರ ಓದಲು ನಮಗೆ ಬೇಕಾದದ್ದೇ ಆ ನೆರಳು.

ಈಗ ನಾನು ಕಲ್ಲಿನ ಮಾತನ್ನೇ ಮತ್ತೆ ಮತ್ತೆ ಆಡುತ್ತಿರುವುದರ ಕಾರಣ ಹೇಳುತ್ತೇನೆ. ಬಿ.ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಅಂದಿನ ಹೊಲ, ಕೆರೆಕೋಡಿಗಳ ಜಾಗದಲ್ಲಿ ಇಂದು ಬಡಾವಣೆಗಳಿವೆ. ಅಲ್ಲಿನ ಕಲ್ಲುಗಳಲ್ಲಿ ಎಷ್ಟೋ ಮಾಯವಾಗಿವೆ; ಉಳಿದವುಗಳಲ್ಲಿ ಕೆಲವಕ್ಕೆ ಬಣ್ಣ ಬಳಿದಿದೆ, ಕೆಲವು ಸಿಮೆಂಟಿನೊಳಗೆ ಸೇರಿವೆ. ಬೇಗೂರಿನ ಪ್ರಸಿದ್ಧ ವೀರಗಲ್ಲು, ಆನೆ ಕುದುರೆಗಳ ಯುದ್ಧವನ್ನು ತುಂಬಿಕೊಂಡಿರುವ ಆ ಕಲ್ಲು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಬದುಕಿಕೊಂಡಿತು. ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡರು. ಅದು ದೊಡ್ಡ ಕೆಲಸ. ಆದರೆ ಪಕ್ಕದ ಬೀದಿಯ ಅರಳಿಕಟ್ಟೆಯ ಕಲ್ಲು ನಿನ್ನೆ ಇತ್ತೇ, ಇಂದು ಇದೆಯೇ ಎಂಬುದಕ್ಕೆ ಸಾಕ್ಷಿ ನುಡಿಯಬೇಕಾದವರು ಆ ಬೀದಿಯವರೇ.

ಆದ್ದರಿಂದ ನನ್ನ ಸಲಹೆ ಇಷ್ಟು. ಹೊಸ ಮಾದರಿಯ ಬೆನ್ನು ಹತ್ತಬೇಡಿ; ಒಂದೆರಡು ತಲೆಮಾರು ಹಿಂದಿನದು ಸುಸ್ಥಿತಿಯಲ್ಲಿ ಸಿಕ್ಕರೆ ಸಾಕು. ಒಂದು ಹಗುರವಾದ ಲೆನ್ಸ್, ಒಂದು ಹೆಚ್ಚಿನ ಬ್ಯಾಟರಿ ಇರಲಿ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಹೋಗಿ. ಕಲ್ಲಿಗೆ ಸೀಮೆಸುಣ್ಣ, ಎಣ್ಣೆ, ಹಿಟ್ಟು ಯಾವುದನ್ನೂ ಸವರಬೇಡಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಅಡಿಪಟ್ಟಿ ಇಡಿ. ಮೊದಲು ಇಡೀ ಕಲ್ಲು, ಆಮೇಲೆ ಅದು ನಿಂತಿರುವ ಪರಿಸರ, ಕೊನೆಗೆ ಅಕ್ಷರಗಳ ಸಾಲು. ಹೀಗೆ ಮೂರು ಬಗೆಯ ಚಿತ್ರ ತೆಗೆಯಿರಿ.

ತೆಗೆದದ್ದನ್ನು ನನಗೂ ಕಳಿಸಿ, ಸಂತೋಷದಿಂದ ನೋಡುತ್ತೇನೆ. ಆದರೆ ಊರು, ಜಾಗ, ದಿನಾಂಕ ತಪ್ಪದೆ ಬರೆದಿರಲಿ. ಹೆಸರು ಬರೆಯದ ಉತ್ತರ ಪತ್ರಿಕೆಗೆ ನಾನು ಅಂದೂ ಅಂಕ ಕೊಟ್ಟವನಲ್ಲ.